"ಸ್ಮಾರ್ಟ್ ಕ್ಯಾಶುಯಲ್ ಅಂದ್ರೆ ಎಂಥದ್ದು ಟೀಚರ್?": ಬೋರ್ಡಿಂಗ್ ಶಾಲೆಯ ಸಂದರ್ಶನಕ್ಕೆ ಬಟ್ಟೆ ಆರಿಸಿದ ಒಂದು ಪ್ರಕರಣ

ಇದನ್ನು ಬರೆಯಲು ಆ ಮನೆಯವರ ಒಪ್ಪಿಗೆ ಕೇಳಿದ್ದೇನೆ. ಯಾರ ಹೆಸರೂ ಹೇಳುವುದಿಲ್ಲ, ಶಾಲೆ ಯಾವುದೆಂದೂ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಾಯಿಸಿದ್ದೇನೆ. ಉಳಿದದ್ದು ನಡೆದ ಹಾಗೆಯೇ ಇದೆ.

ನಾನು ಉಡುಪಿಯಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದವಳು. ನಿವೃತ್ತಿ ಆದ ಮೇಲೆ ಬೋರ್ಡಿಂಗ್ ಶಾಲೆಗಳ ಪ್ರವೇಶಕ್ಕೆ ತಯಾರಿ ಮಾಡುವ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿಕೊಡುತ್ತೇನೆ. ಸಂದರ್ಶನದ ಪತ್ರ ಬಂದ ದಿನ ಬಹಳ ಮಂದಿ ತಂದೆತಾಯಿ ಫೋನ್ ಮಾಡಿ ಮೊದಲು ಕೇಳುವುದು ಒಂದೇ ಪ್ರಶ್ನೆ. "ಟೀಚರ್, ಡ್ರೆಸ್ ಯಾವುದು ಹಾಕುವುದು?" ಮೊದಮೊದಲು ನಾನು ಇದನ್ನು ಅರ್ಧ ನಿಮಿಷದಲ್ಲಿ ಮುಗಿಸಿಬಿಡುತ್ತಿದ್ದೆ. ಈ ಹುಡುಗಿಯ ವಿಷಯದಲ್ಲಿ ಅದೇ ಪ್ರಶ್ನೆಗೆ ಮೂರು ವಾರ ಹಿಡಿಯಿತು. ಅದರಲ್ಲಿ ಒಂದು ವಾರ ಹಾಳಾದದ್ದು ನನ್ನ ತಪ್ಪಿನಿಂದ.

ಹಿನ್ನೆಲೆ

ಹುಡುಗಿಗೆ ಆಗ 13 ವರ್ಷ. ಮನೆ ಮಲ್ಪೆ ಕಡೆ. ಅಪ್ಪ ಡೀಪ್ ಸೀ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟ್ ನಡೆಸುವವರು, ಬೋಟ್ ಬೇರೆಯವರದ್ದು. ಒಮ್ಮೆ ಹೋದರೆ ಹತ್ತು ದಿನ ಸಮುದ್ರದಲ್ಲಿ. ಅಮ್ಮ ಮನೆಯಲ್ಲೇ ಹೊಲಿಗೆ, ಜೊತೆಗೆ ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಾರೆ. ಅಜ್ಜಿ ಇದ್ದಾರೆ. ಸೋದರಮಾವ ಮಸ್ಕತ್‌ನಲ್ಲಿ. ಹುಡುಗಿ ಗಣಿತದಲ್ಲಿ ಬಹಳ ಚುರುಕು. ಶಾಲೆಯ ಟೀಚರೊಬ್ಬರು ನೀಲಗಿರಿಯ ಒಂದು ಬೋರ್ಡಿಂಗ್ ಶಾಲೆಯ ಸ್ಕಾಲರ್‌ಶಿಪ್ ವಿಷಯ ಹೇಳಿದರು. 9ನೇ ತರಗತಿಗೆ ಅರ್ಜಿ ಹಾಕಿದರು. ಡಿಸೆಂಬರ್ ಕೊನೆಯಲ್ಲಿ ಇಮೇಲ್ ಬಂತು: ಜನವರಿಯ ಒಂದು ಶನಿವಾರ ಬೆಳಿಗ್ಗೆ 9 ಗಂಟೆಗೆ ಬರಬೇಕು, ಬರಹದ ಪರೀಕ್ಷೆ ಇದೆ, ಆಮೇಲೆ ಸಂದರ್ಶನ, ತಂದೆತಾಯಿ ಇಬ್ಬರೂ ಇರಬೇಕು. ಕೊನೆಯ ಸಾಲಿನಲ್ಲಿ ಡ್ರೆಸ್ ಬಗ್ಗೆ ಎರಡೇ ಪದ. ಸ್ಮಾರ್ಟ್ ಕ್ಯಾಶುಯಲ್.

ಎಲ್ಲ ವಸತಿ ಶಾಲೆಗೂ ಈ ತಲೆಬಿಸಿ ಇಲ್ಲ. ನವೋದಯದಲ್ಲಿ 6ನೇ ತರಗತಿಗೆ ಪ್ರವೇಶ ಪರೀಕ್ಷೆಯಲ್ಲೇ ತೀರ್ಮಾನ, ಸಂದರ್ಶನವೇ ಇಲ್ಲ. ಸೈನಿಕ ಶಾಲೆಗೆ ಬರಹದ ಪರೀಕ್ಷೆ, ಆಮೇಲೆ ವೈದ್ಯಕೀಯ ತಪಾಸಣೆ. ಡೆಹ್ರಾಡೂನಿನ ರಾಷ್ಟ್ರೀಯ ಭಾರತೀಯ ಮಿಲಿಟರಿ ಕಾಲೇಜಿಗೆ ಮಾತ್ರ 8ನೇ ತರಗತಿಯ ಪ್ರವೇಶಕ್ಕೆ ಬರಹದ ಜೊತೆ 50 ಅಂಕದ ಮೌಖಿಕ ಪರೀಕ್ಷೆ ಇದೆ. ಅದಕ್ಕೆ ಹೋಗುವ ಹುಡುಗರಿಗೆ ನಾನು ಹೇಳುತ್ತಿದ್ದದ್ದು ಬಿಳಿ ಶರ್ಟ್, ಕಪ್ಪು ಪ್ಯಾಂಟ್, ಇನ್‌ಶರ್ಟ್, ಪಾಲಿಶ್ ಮಾಡಿದ ಶೂ. ಆ ಜಾಗಕ್ಕೆ ಅದು ಸರಿ. ಖಾಸಗಿ ಬೋರ್ಡಿಂಗ್ ಶಾಲೆಗಳು ಬೇರೆ. ಒಂದೊಂದರದ್ದು ಒಂದೊಂದು ರೀತಿ.

ತೊಡಕು

ಇಮೇಲ್ ಬಂದ ಸಂಜೆಯೇ ಆ ಮನೆಯಲ್ಲಿ ನಾಲ್ಕು ಅಭಿಪ್ರಾಯ ಆಗಿತ್ತು. ಅಜ್ಜಿಗೆ ಪಟ್ಟೆ (ರೇಷ್ಮೆ) ಲಂಗ, ತಲೆತುಂಬ ಶಂಕರಪುರ ಮಲ್ಲಿಗೆ. "ಒಳ್ಳೆ ಕಾರ್ಯಕ್ಕೆ ಹೋಗುವ ಮಗು ಖಾಲಿ ತಲೆಯಲ್ಲಿ ಹೋಗುವುದಾ?" ಅಂತ ಅವರು ಕೇಳಿದ್ದು. ಅಮ್ಮನಿಗೆ ಈಗಿನ ಶಾಲೆಯ ಯೂನಿಫಾರ್ಮೇ ಸಾಕು, ಒಗೆದು ಇಸ್ತ್ರಿ ಹಾಕಿದರಾಯಿತು. ಬೆಂಗಳೂರಿನ ಅಕ್ಕ (ದೊಡ್ಡಮ್ಮನ ಮಗಳು) ವಾಟ್ಸಾಪ್‌ನಲ್ಲಿ ಜೀನ್ಸ್ ಮತ್ತು ಟಾಪ್‌ನ ಫೋಟೋ ಕಳಿಸಿದಳು. ಮಾವ ಅಂತೂ ಕೇಳಲೇ ಇಲ್ಲ, ಮಸ್ಕತ್‌ನಿಂದ ಊರಿಗೆ ಬರುವವರ ಕೈಯಲ್ಲಿ ಒಂದು ನೇವಿ ಬ್ಲೂ ಬ್ಲೇಜರ್ ಕಳಿಸಿಬಿಟ್ಟರು. ಹಿತ್ತಾಳೆ ಬಣ್ಣದ ಮೂರು ಗುಂಡಿ, ಒಳಗೆ ಸ್ಯಾಟಿನ್ ಲೈನಿಂಗ್. ಬಟ್ಟೆ ಒಳ್ಳೆಯದೇ. ಆದರೆ ಭುಜ ಅವಳಿಗಿಂತ ಎರಡು ಬೆರಳು ಅಗಲ.

ನನಗೆ ಫೋನ್ ಬಂತು. "ಸ್ಮಾರ್ಟ್ ಕ್ಯಾಶುಯಲ್ ಅಂದ್ರೆ ಎಂಥದ್ದು ಟೀಚರ್?" ನಾನು ಯೋಚಿಸದೆ ಹೇಳಿದೆ, ಬಿಳಿ ಶರ್ಟ್, ಕಪ್ಪು ಪ್ಯಾಂಟ್, ಇನ್‌ಶರ್ಟ್. ಮಿಲಿಟರಿ ಕಾಲೇಜಿನ ಹುಡುಗರಿಗೆ ಹೇಳಿ ಹೇಳಿ ಬಾಯಿಗೆ ಬಂದದ್ದು ಅದೇ. ಪಾಪ, ಅವರು ಮರುದಿನವೇ ಹೊಲಿಯಲು ಕೊಟ್ಟರು.

ಒಂದು ವಾರ ಕಳೆದು ಅವಳು ಅದನ್ನು ಹಾಕಿಕೊಂಡು ನಮ್ಮ ಮನೆಗೆ ಬಂದಳು. ಊಟದ ಮೇಜಿನ ಆಚೆ ಬದಿಗೆ ಕೂರಿಸಿ ನಾನು ಪ್ರಶ್ನೆ ಕೇಳಲು ಶುರು ಮಾಡಿದೆ. ಅವಳ ಉತ್ತರ ಒಂದೂ ಸರಿ ಬರುತ್ತಿಲ್ಲ. ಇಷ್ಟದ ಪಾಠ ಯಾವುದು ಅಂದರೆ "ಮ್ಯಾಥ್ಸ್" ಅಂತ ಒಂದೇ ಪದ, ಆಮೇಲೆ ಮೌನ. ನಾನು ಅವಳ ಮುಖ ನೋಡುವುದು ಬಿಟ್ಟು ಕೈ ನೋಡತೊಡಗಿದೆ. ಎಡಗೈ ಶರ್ಟಿನ ಎರಡನೇ ಗುಂಡಿಗೆ ಹೋಗುತ್ತದೆ, ಅಲ್ಲಿ ಬಟ್ಟೆ ಬಾಯಿ ಬಿಟ್ಟಿದೆಯಾ ಅಂತ ಮುಟ್ಟಿ ನೋಡುತ್ತದೆ, ಕೆಳಗೆ ಬರುತ್ತದೆ. ಬಲಗೈ ಸೊಂಟದ ಹತ್ತಿರ ಶರ್ಟನ್ನು ಸ್ವಲ್ಪ ಹೊರಗೆ ಎಳೆಯುತ್ತದೆ. ಮತ್ತೆ ಎಡಗೈ. ಇಪ್ಪತ್ತು ನಿಮಿಷದಲ್ಲಿ ಆ ಎಡಗೈ 14 ಸಲ ಗುಂಡಿಗೆ ಹೋಯಿತು. ನಾನು ಪೆನ್ಸಿಲಿನಲ್ಲಿ ಗೆರೆ ಹಾಕಿ ಲೆಕ್ಕ ಇಟ್ಟೆ.

ಅವಳನ್ನು ಒಳಗೆ ಕಳಿಸಿ ಅಮ್ಮನ ಹತ್ತಿರ ಕೇಳಿದೆ. ಅವರು ದನಿ ತಗ್ಗಿಸಿ ಹೇಳಿದರು. "ಬೆಳೆಯುವ ವಯಸ್ಸಲ್ವಾ ಟೀಚರ್. ಬಿಳಿ ಬಟ್ಟೆ, ಅದೂ ಇನ್‌ಶರ್ಟ್ ಮಾಡಿದ್ರೆ ಎಲ್ಲರೂ ನನ್ನನ್ನೇ ನೋಡ್ತಾರೆ ಅಂತ ಅವಳಿಗೆ. ಹೇಳ್ಲಿಕ್ಕೆ ನಾಚಿಕೆ. ಮತ್ತೆ ಆ ವಾರ ಅವಳ ತಿಂಗಳ ಡೇಟ್ ಕೂಡ ಬರ್ತದೆ."

ನನಗೆ ತುಂಬಾ ಬೇಸರವಾಯಿತು. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಪಾಠ ಮಾಡಿದವಳು ನಾನು. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹುಡುಗರಿಗೆ ಹೇಳುವ ಪಟ್ಟಿಯನ್ನು ಹುಡುಗಿಗೆ ಹಾಗೇ ಹೇಳಿಬಿಟ್ಟಿದ್ದೆ.

ಏನೇನು ಮಾಡಿ ನೋಡಿದೆವು

ಅಲ್ಲಿಂದ ಹೊಸದಾಗಿ ಶುರು ಮಾಡಿದೆವು. ಮೊದಲ ತೀರ್ಮಾನ ಶಾಲೆಗೇ ಫೋನ್ ಮಾಡಿ ಕೇಳುವುದು. ಇದಕ್ಕೆ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಕೇಳಿದ್ರೆ ಇವರಿಗೆ ಏನೂ ಗೊತ್ತಿಲ್ಲ ಅಂದ್ಕೊಳ್ತಾರೆ" ಅಂತ ಅಮ್ಮ. ಈ ಹೆದರಿಕೆ ನಾನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ, ಮಂಗಳೂರಿನ ಡಾಕ್ಟರ ಮನೆಯಲ್ಲೂ ನೋಡಿದ್ದೇನೆ. ದೊಡ್ಡ ಶಾಲೆ ಅಂದ ತಕ್ಷಣ ನಾವು ಪ್ರಶ್ನೆ ಕೇಳುವುದನ್ನೇ ಬಿಟ್ಟುಬಿಡುತ್ತೇವೆ. ಕಡೆಗೆ ನಾನು ಹುಡುಗಿಯ ಕೈಗೇ ಫೋನ್ ಕೊಟ್ಟೆ. ಅವಳು ಏನು ಕೇಳಬೇಕು ಅಂತ ಮೊದಲು ಒಂದು ಚೀಟಿಯಲ್ಲಿ ಬರೆದುಕೊಂಡಳು, ಇಂಗ್ಲಿಷಿನಲ್ಲಿ ಮೂರು ಸಾಲು.

ಫೋನ್ ಎತ್ತಿದ್ದು ಪ್ರವೇಶ ವಿಭಾಗದ ಒಬ್ಬ ಹೆಂಗಸು. ಮೂರು ನಿಮಿಷ ಮಾತಾಡಿದರು, ಬಹಳ ಸಮಾಧಾನದಿಂದ. ಅವರು ಹೇಳಿದ್ದರ ಸಾರ ಇಷ್ಟು: ಸ್ವಚ್ಛವಾಗಿರಲಿ, ಹೊಸದೇ ಆಗಬೇಕೆಂದಿಲ್ಲ. ಮಕ್ಕಳನ್ನು ಕ್ಯಾಂಪಸ್ ಸುತ್ತಿಸುತ್ತೇವೆ, ಏರು ತಗ್ಗು ಇದೆ, ಮೈದಾನದಲ್ಲಿ ಸಣ್ಣ ಆಟವೂ ಇರುತ್ತದೆ, ಹಾಗಾಗಿ ಓಡಲು ಆಗುವ ಶೂ ಹಾಕಿಕೋ. ಪರೀಕ್ಷೆಯ ಹಾಲ್ ತಣ್ಣಗಿರುತ್ತದೆ, ಸ್ವೆಟರ್ ತಾ. ಆಭರಣ ಬೇಡ. ಸಾಂಪ್ರದಾಯಿಕ ಉಡುಪು ಆದರೂ ಸರಿ.

ಫೋನ್ ಇಟ್ಟ ಮೇಲೆ ಅವಳ ಮುಖದಲ್ಲಿ ಇದ್ದ ಬಿಗಿ ಸಡಿಲಾಗಿತ್ತು. ನಾಲ್ಕು ಜನ ಎರಡು ವಾರ ತಲೆ ಕೆಡಿಸಿಕೊಂಡದ್ದಕ್ಕೆ ಮೂರು ನಿಮಿಷದಲ್ಲಿ ಉತ್ತರ ಸಿಕ್ಕಿತು. ಮತ್ತೆ ಆ ಶಾಲೆಯವರ ಜೊತೆ ಒಮ್ಮೆ ಮಾತಾಡಿದ ಹಾಗೂ ಆಯಿತು. ಸಂದರ್ಶನದ ದಿನ ಅವಳಿಗೆ ಅಲ್ಲಿ ಒಂದು ದನಿಯಾದರೂ ಪರಿಚಯ ಇತ್ತು.

ಎರಡನೇ ತೀರ್ಮಾನ, ಆರಿಸುವುದು ಅವಳೇ. ದೊಡ್ಡವರು ಬೇಡ ಅನ್ನಬಹುದು, ಇದೇ ಹಾಕು ಅನ್ನುವ ಹಾಗಿಲ್ಲ. ಅವಳು ಬೀರುವಿನಿಂದ ಒಂದು ಕಡುನೀಲಿ ಹತ್ತಿ ಕುರ್ತಾ ತೆಗೆದಳು. ಮೊಣಕಾಲಿನವರೆಗೆ ಬರುತ್ತದೆ, ತೋಳು ಮೊಣಕೈ ದಾಟುತ್ತದೆ, ಎರಡು ವರ್ಷದಿಂದ ಹಬ್ಬಕ್ಕೆ ಹಾಕಿದ್ದು. ಕೆಳಗೆ ಕಪ್ಪು ಪ್ಯಾಂಟ್, ಕಾಲಿಗೆ ಅಂಟುವ ಲೆಗ್ಗಿಂಗ್ಸ್ ಬೇಡ ಅಂತ ಅವಳೇ ಹೇಳಿದಳು, ಸ್ವಲ್ಪ ಸಡಿಲದ್ದು. ಕಡು ಬಣ್ಣ ಆದ್ದರಿಂದ ತಿಂಗಳ ಡೇಟಿನ ಭಯವೂ ಇಲ್ಲ. ಅಮ್ಮ ಕುರ್ತಾದ ಎರಡೂ ಬದಿ ಹೊಲಿಗೆ ಬಿಡಿಸಿ ಅರ್ಧ ಇಂಚು ಸಡಿಲ ಮಾಡಿದರು, ಬಲಬದಿಗೆ ಒಂದು ಕಿಸೆ ಇಟ್ಟರು. ಈ ಕಿಸೆ ನೋಡಲು ಸಣ್ಣ ವಿಷಯ. ಆದರೆ ಕರ್ಚೀಫ್, ಪೆನ್ನು, ಬೇಕಾದಾಗ ಒಂದು ಪ್ಯಾಡ್ ಇಡಲು ಜಾಗ ಇದ್ದರೆ ಹುಡುಗಿಗೆ ಎಷ್ಟೊಂದು ಧೈರ್ಯ. ಶೂ ಅವಳು ದಿನಾ ಆಟಕ್ಕೆ ಹಾಕುವ ಬಿಳಿ ಸ್ಪೋರ್ಟ್ಸ್ ಶೂ, ತೊಳೆದು ಹೊಸ ಲೇಸ್ ಹಾಕಿದ್ದು. ಹೊಸ ಶೂ ತರುವ ಮಾತು ಬಂತು, ನಾನು ಬೇಡವೇ ಬೇಡ ಅಂದೆ. ಹೊಸ ಶೂ ಅಂದ್ರೆ ಹಿಮ್ಮಡಿಯಲ್ಲಿ ಬೊಬ್ಬೆ, ಅದು ಗ್ಯಾರಂಟಿ. ತರಲೇಬೇಕಾದರೆ ಎರಡು ವಾರ ಮೊದಲು ತಂದು ದಿನಾ ಹಾಕಿ ನಡೆಯಬೇಕು.

ಸ್ವೆಟರ್ ಸಿಕ್ಕಿದ್ದು ಮಾತ್ರ ಕಷ್ಟದಲ್ಲಿ. ನಮ್ಮ ಕರಾವಳಿಯಲ್ಲಿ ಜನವರಿಯ ಬೆಳಿಗ್ಗೆಯೂ 20 ಡಿಗ್ರಿ ಆಸುಪಾಸು ಇರುತ್ತದೆ, ಇಲ್ಲಿ ಸ್ವೆಟರ್ ಯಾರು ಇಟ್ಟುಕೊಳ್ಳುತ್ತಾರೆ? ಉಡುಪಿಯಲ್ಲಿ ಎರಡು ಮೂರು ಅಂಗಡಿ ಕೇಳಿ ಸಾಕಾಯಿತು. ಕಡೆಗೆ ಮಂಗಳೂರಿಗೆ ಹೋದಾಗ ಹಂಪನಕಟ್ಟೆಯಲ್ಲಿ ಒಂದು ಬೂದು ಬಣ್ಣದ್ದು ಸಿಕ್ಕಿತು. ಒಂದೇ ಒಂದು ತಂದರು. ಇದು ನೆನಪಿಡಿ.

ಮೂರನೇ ತೀರ್ಮಾನ, ಒಂದು ಇಡೀ ದಿನ ಹಾಕಿ ನೋಡುವುದು. ಕನ್ನಡಿ ಮುಂದೆ ಐದು ನಿಮಿಷ ನಿಂತರೆ ಯಾವ ಬಟ್ಟೆಯೂ ಸರಿ ಕಾಣುತ್ತದೆ. ಒಂದು ಭಾನುವಾರ ಅವಳು ಅದೇ ಕುರ್ತಾ, ಅದೇ ಶೂ ಹಾಕಿ ಮಲ್ಪೆಯಿಂದ ಬಸ್ಸಿನಲ್ಲಿ ಬಂದಳು. ಎರಡು ಗಂಟೆ ಕೂತು ಗಣಿತದ ಪೇಪರ್ ಬರೆದಳು, ಊಟ ಮಾಡಿದಳು, ನಮ್ಮ ಮನೆಯ ಹಿಂದಿನ ಗುಡ್ಡ ಹತ್ತಿ ಇಳಿದಳು. ದುಪ್ಪಟ್ಟಾ ಭುಜದಿಂದ ಜಾರುತ್ತಾ ಇತ್ತು, ಬಿಟ್ಟುಬಿಡು ಅಂದೆವು. ಬಳೆ ಬರೆಯುವಾಗ ಮೇಜಿಗೆ ತಾಗಿ ಸದ್ದು ಮಾಡುತ್ತಿತ್ತು, ತೆಗೆದಳು. ಸಂಜೆ ಐದಕ್ಕೆ ಮತ್ತೆ ಮೇಜಿನ ಆಚೆ ಕೂರಿಸಿ ಪ್ರಶ್ನೆ ಕೇಳಿದೆ. ಈ ಸಲ ಕೈ ಒಮ್ಮೆಯೂ ಬಟ್ಟೆಗೆ ಹೋಗಲಿಲ್ಲ. ಎರಡೂ ಕೈ ಗಾಳಿಯಲ್ಲಿ ಆಡುತ್ತಿತ್ತು, ಅಪ್ಪ ಬಲೆ ಬಿಡುವುದು ಹೇಗೆ ಅಂತ ನನಗೆ ತೋರಿಸಲಿಕ್ಕೆ.

ಬ್ಲೇಜರ್ ಬೇಡ ಅಂತ ಆಯಿತು. ಮಾವನಿಗೆ ಬೇಜಾರಾಗದ ಹಾಗೆ ಅದನ್ನು ಹಾಕಿಸಿ ಒಂದು ಫೋಟೋ ತೆಗೆದು ಕಳಿಸಿದರು. ಮಲ್ಲಿಗೆಯ ವಿಷಯದಲ್ಲಿ ಅಜ್ಜಿ ಬಿಡಲಿಲ್ಲ. ನಮ್ಮಲ್ಲಿ ಮಲ್ಲಿಗೆ ಅಟ್ಟೆ ಲೆಕ್ಕದಲ್ಲಿ ಮಾರುವುದು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಜನವರಿಯಲ್ಲಿ ಅದರ ರೇಟು ಎಲ್ಲಿಗೋ ಹೋಗಿರುತ್ತದೆ. ಹುಡುಗಿಯೇ ಮಧ್ಯದ ದಾರಿ ಹುಡುಕಿದಳು. "ಅಜ್ಜಿ, ಗಿಡದಲ್ಲಿ ಆದದ್ದು ಒಂದು ಬೆರಳುದ್ದ ಸಾಕು, ಜಡೆಯ ಬುಡಕ್ಕೆ." ಅಜ್ಜಿ ಒಪ್ಪಿದರು.

ಅಪ್ಪನ ಮುಂಡು

ಮಗುವಿನ ಬಟ್ಟೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ತಂದೆತಾಯಿಯ ಬಟ್ಟೆ ಕೊನೆಯ ದಿನದವರೆಗೆ ಯಾರ ತಲೆಗೂ ಬರುವುದಿಲ್ಲ. ಇಲ್ಲಿ ಅಪ್ಪನಿಗೆ ಬಿಳಿ ಮುಂಡು, ಬಿಳಿ ಶರ್ಟ್ ಬಿಟ್ಟು ಬೇರೆ ಅಭ್ಯಾಸ ಇಲ್ಲ. ಮದುವೆಗೂ ಅದೇ, ಬ್ಯಾಂಕಿಗೂ ಅದೇ. ನೆಂಟರೆಲ್ಲ ಸೇರಿ, ಅಂಥ ಶಾಲೆಗೆ ಮುಂಡು ಉಟ್ಟು ಹೋಗುವುದಾ, ಮಗಳ ಸೀಟು ಕಳೆಯುವುದಾ ಅಂತ ಹೆದರಿಸಿದ್ದರು. ಭಾವನ ಪ್ಯಾಂಟ್ ತಂದು ಹಾಕಿಸಿಯೂ ನೋಡಿದರು. ಅವರು ಅದನ್ನು ಹಾಕಿಕೊಂಡು ನನ್ನ ಮುಂದೆ ನಿಂತಾಗ ಕೈ ಎಲ್ಲಿ ಇಡಬೇಕೆಂದೇ ಗೊತ್ತಾಗಲಿಲ್ಲ ಅವರಿಗೆ. ಸಮುದ್ರದಲ್ಲಿ ಎಂಟು ಜನರನ್ನು ನಡೆಸುವ ಮನುಷ್ಯ.

"ಪ್ಯಾಂಟ್ ಹಾಕಿದ್ರೆ ನನ್ನ ಬಾಯಿಂದ ಮಾತೇ ಬರ್ಲಿಕ್ಕಿಲ್ಲ ಟೀಚರ್" ಅಂದರು.

ನಾನು ಅವರಿಗೆ 2014ರ ಒಂದು ಸಂಗತಿ ಹೇಳಿದೆ. ಚೆನ್ನೈಯ ಒಂದು ಕ್ರಿಕೆಟ್ ಕ್ಲಬ್ಬಿನ ಕಾರ್ಯಕ್ರಮಕ್ಕೆ ಪಂಚೆ ಉಟ್ಟು ಹೋಗಿದ್ದ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನು ಬಾಗಿಲಲ್ಲೇ ತಡೆದರು. ದೊಡ್ಡ ಗಲಾಟೆ ಆಯಿತು. ಅದೇ ವರ್ಷ ತಮಿಳುನಾಡು ವಿಧಾನಸಭೆ ಒಂದು ಕಾನೂನು ಮಾಡಿತು, ಕ್ಲಬ್ಬು, ಸಂಘಗಳಂಥ ಕಡೆ ಪಂಚೆ ಅಥವಾ ಬೇರೆ ಭಾರತೀಯ ಉಡುಪು ಉಟ್ಟವರನ್ನು ಉಡುಪಿನ ಕಾರಣಕ್ಕೆ ತಡೆಯಬಾರದು ಅಂತ. ನೀವು ಹೋಗುವುದು ಆ ರಾಜ್ಯಕ್ಕೇ, ಅಲ್ಲಿ ಮುಂಡು ಉಟ್ಟವರನ್ನು ನೋಡದವರು ಯಾರೂ ಇಲ್ಲ ಅಂದೆ. ಅವರಿಗೆ ಅದು ಬಹಳ ಹಿಡಿಸಿತು. ಚಳಿ ಆಗುವುದಿಲ್ಲವಾ ಅಂತ ನಾನೇ ಕೇಳಿದೆ. "ರಾತ್ರಿ ಬೋಟಿನ ಮೇಲಿನ ಗಾಳಿಗಿಂತ ಜಾಸ್ತಿಯಾ?" ಅಂದರು.

ಅಮ್ಮನಿಗೆ ಉಡುಪಿ ಕೈಮಗ್ಗದ ಹತ್ತಿ ಸೀರೆ, ಮೇಲೆ ಒಂದು ಶಾಲು. 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಸೀರೆ ಅದು, ಹಗುರ, ಉಟ್ಟು ಹತ್ತು ಗಂಟೆ ಕೂತರೂ ಭಾರ ಅನಿಸುವುದಿಲ್ಲ.

ಶುಕ್ರವಾರ, ಶನಿವಾರ

ಈ ಎರಡು ದಿನ ನಾನು ಜೊತೆಗಿರಲಿಲ್ಲ. ಬಂದ ಮೇಲೆ ಮೂವರೂ ಬೇರೆ ಬೇರೆಯಾಗಿ ಹೇಳಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ.

ಗುರುವಾರ ರಾತ್ರಿ ಹೊರಟು ಶುಕ್ರವಾರ ಊಟಿಯಲ್ಲಿ ಆರಾಮ ಮಾಡುವುದು ಅಂತ ಲೆಕ್ಕ. ಬೋಟು ಗುರುವಾರ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬಂತು. ಮೀನು ಇಳಿಸಿ, ಲೆಕ್ಕ ಕೊಟ್ಟು, ಅಪ್ಪ ಮನೆಗೆ ಬಂದು ಸ್ನಾನ ಮಾಡಿ ಕಾರು ಹತ್ತುವಾಗ ಹನ್ನೊಂದೂವರೆ. ನಾನೂರಕ್ಕೂ ಜಾಸ್ತಿ ಕಿಲೋಮೀಟರ್ ದಾರಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. 2009ರಿಂದ ಇರುವ ನಿಯಮ ಅದು. ಒಂಬತ್ತರ ಒಳಗೆ ಗೇಟು ದಾಟದಿದ್ದರೆ ಕಥೆ ಮುಗಿಯಿತು. ಸಂಪಾಜೆ ಘಾಟಿ, ಮಡಿಕೇರಿ, ಮೈಸೂರು, ಎಲ್ಲೂ ಸರಿಯಾಗಿ ನಿಲ್ಲಿಸಲಿಲ್ಲ. ಗುಂಡ್ಲುಪೇಟೆಯಲ್ಲಿ ಗಡಿಬಿಡಿಯಲ್ಲಿ ಪರೋಟ ತಿಂದು ಎಂಟೂವರೆ ಸುಮಾರಿಗೆ ಗೇಟು ದಾಟಿದರು.

ಸಂದರ್ಶನದ ಬಟ್ಟೆ ದಾರಿಯಲ್ಲಿ ಹಾಕಬಾರದು ಅಂತ ನಾನು ಹೇಳಿದ್ದೆ. ಕುರ್ತಾ, ಪ್ಯಾಂಟ್ ಒಂದು ಚೀಲದಲ್ಲಿ ಮಡಚಿ ಇಟ್ಟಿದ್ದರು. ಆದರೆ ಗೂಡಲೂರು ದಾಟಿದ ಮೇಲೆ ಚಳಿ ಏರಿತು. ಊಟಿ ಇರುವುದು 2,240 ಮೀಟರ್ ಎತ್ತರದಲ್ಲಿ, ನಮ್ಮದು ಸಮುದ್ರದ ಮಟ್ಟ. ನಡುಗುವ ಮಗುವಿಗೆ ಅಮ್ಮ ಚೀಲದಿಂದ ಸ್ವೆಟರ್ ತೆಗೆದು ಹಾಕಿದರು. ಯಾವ ಅಮ್ಮನಾದರೂ ಹಾಕುತ್ತಾರೆ. ನಡುವಟ್ಟಂ ತಿರುವುಗಳಲ್ಲಿ ಪರೋಟ ಹೊರಗೆ ಬಂತು. ಸ್ವೆಟರಿನ ಮುಂಭಾಗ ಪೂರ್ತಿ.

ರಾತ್ರಿ ಹನ್ನೊಂದಕ್ಕೆ ಲಾಡ್ಜಿನ ಬಾತ್ರೂಮಿನಲ್ಲಿ ಅಮ್ಮ ಅದನ್ನು ತೊಳೆದರು. ಊಟಿಯ ಜನವರಿಯಲ್ಲಿ ಹುಲ್ಲಿನ ಮೇಲೆ ಹಿಮ ಕೂರುವ ಬೆಳಗುಗಳೂ ಇವೆ, ಅಲ್ಲಿ ಉಣ್ಣೆ ಒಂದು ರಾತ್ರಿಯಲ್ಲಿ ಒಣಗುತ್ತದಾ? ಬೆಳಿಗ್ಗೆ ಹಿಂಡಿದರೆ ಇನ್ನೂ ನೀರು. ಅಂಗಡಿ ತೆರೆಯುವ ಹೊತ್ತಲ್ಲ. ಅಮ್ಮನ ಶಾಲು ಹೊದೆಸಿ ನೋಡಿದರು, ಬರೆಯುವ ಕೈಗೆ ಅಡ್ಡ ಬರುತ್ತದೆ. ಬೇರೆ ಏನಾದರೂ ಇದೆಯಾ ಅಂತ ಚೀಲ ಪೂರ್ತಿ ಮಂಚದ ಮೇಲೆ ಸುರಿದರು. ತಳದಲ್ಲಿ, ಹಳೆಯ ಟವೆಲಿನಲ್ಲಿ ಸುತ್ತಿ, ಮಸ್ಕತ್ ಬ್ಲೇಜರ್ ಇತ್ತು. ಅಜ್ಜಿ ಯಾರಿಗೂ ಹೇಳದೆ ಇಟ್ಟದ್ದು.

ಹಾಕಿಕೊಂಡು ಹೋದಳು. ಕಡುನೀಲಿ ಕುರ್ತಾದ ಮೇಲೆ ಅಗಲ ಭುಜದ ನೇವಿ ಬ್ಲೂ ಬ್ಲೇಜರ್, ಕೆಳಗೆ ಸ್ಪೋರ್ಟ್ಸ್ ಶೂ, ಜಡೆಯಲ್ಲಿ ಬಾಡಿದ ಮಲ್ಲಿಗೆ. ಕಾರಿನಲ್ಲಿ ಅವಳು ಅತ್ತಳಂತೆ. ಅಪ್ಪ ಹಿಂದೆ ತಿರುಗಿ ಒಂದೇ ಮಾತು ಹೇಳಿದರು. "ಸಮುದ್ರಕ್ಕೆ ಹೋಗುವಾಗ ಇದ್ದದ್ದರಲ್ಲೇ ಹೋಗುವುದು ಮಗಾ."

ಸ್ವೆಟರ್ ಹೋದದ್ದಕ್ಕೆ ನಿಜವಾದ ನಷ್ಟವೂ ಆಯಿತು, ಅದನ್ನು ನಾನು ಮುಚ್ಚಿಡುವುದಿಲ್ಲ. ಬ್ಲೇಜರ್ ತೋಳು ಬೆರಳಿನವರೆಗೆ ಬರುತ್ತಿತ್ತು, ಮಡಚಿದರೆ ಜಾರುತ್ತಿತ್ತು, ತೆಗೆದರೆ ಚಳಿ. ಹಾಲ್‌ನಲ್ಲಿ ಬೆರಳು ಸೆಟೆದು ಬರೆಯುವುದು ನಿಧಾನವಾಯಿತು. ಗಣಿತದಲ್ಲಿ ಕೊನೆಯ ಎರಡು ಲೆಕ್ಕ ಉಳಿಯಿತು. ಅವಳಿಗೆ ಬರುವ ಲೆಕ್ಕಗಳೇ.

ಹತ್ತೂವರೆಗೆ ಬಿಸಿಲು ಬಂತು. ಬ್ಲೇಜರ್ ತೆಗೆದು ಕೈಮೇಲೆ ಹಾಕಿಕೊಂಡು ಕ್ಯಾಂಪಸ್ ಸುತ್ತಿದಳು. ಅಲ್ಲಿ ಒಬ್ಬ ಹುಡುಗ ಪೂರ್ತಿ ಸೂಟಿನಲ್ಲಿ ಬಂದಿದ್ದನಂತೆ, ಟೈ ಸಮೇತ. ಅವನು ಅದರಲ್ಲೇ ಆರಾಮಾಗಿ ಓಡಾಡಿಕೊಂಡಿದ್ದ, ಆಟದಲ್ಲೂ ಸೇರಿದ. ಇನ್ನೊಬ್ಬಳು ಹೊಸ ಹೀಲ್ಸ್ ಹಾಕಿ ಇಳಿಜಾರಿನಲ್ಲಿ ಅಮ್ಮನ ಕೈ ಹಿಡಿದು ನಡೆದಳಂತೆ. ಸೂಟು ತಪ್ಪು, ಕುರ್ತಾ ಸರಿ ಅಂತ ಇದರಿಂದ ಹೇಳಲಿಕ್ಕೆ ಆಗುವುದಿಲ್ಲ. ಆ ಹುಡುಗನಿಗೆ ಸೂಟು ಅಭ್ಯಾಸ ಇತ್ತು, ಅಷ್ಟೇ.

ಸಂದರ್ಶನದಲ್ಲಿ ಮೂವರು ಕೂತಿದ್ದರು. ಮೊದಲು ಎರಡು ಪ್ರಶ್ನೆ ಓದಿನ ಬಗ್ಗೆ. ಆಮೇಲೆ ಒಬ್ಬರು ಅವಳ ತೊಡೆಯ ಮೇಲಿದ್ದ ಬ್ಲೇಜರ್ ನೋಡಿ, ಇದು ನಿನ್ನದೇನಾ ಅಂತ ಕೇಳಿದರು. ಅವಳಿಗೆ ಒಂದು ಕ್ಷಣ ಸುಳ್ಳು ಹೇಳುವ ಅನಿಸಿತಂತೆ. ಹೇಳಲಿಲ್ಲ. ಮಾವ ಕಳಿಸಿದ್ದು, ಟೀಚರ್ ಬೇಡ ಅಂದದ್ದು, ಅಜ್ಜಿ ಗುಟ್ಟಾಗಿ ಚೀಲಕ್ಕೆ ಹಾಕಿದ್ದು, ಬೋಟು ತಡವಾದದ್ದು, ಗೇಟು, ಪರೋಟ, ವಾಂತಿ, ಎಲ್ಲ ಹೇಳಿಬಿಟ್ಟಳು. ಅವರು ನಕ್ಕರು. ಬೋಟು ಯಾಕೆ ತಡ ಆಗುತ್ತದೆ ಅಂತ ಕೇಳಿದರು. ಅಲ್ಲಿಂದ ಮುಂದೆ ಅವಳದ್ದೇ ಮಾತು. ಮೀನು ಸಿಕ್ಕಿದರೆ ಒಂದು ದಿನ ಜಾಸ್ತಿ ನಿಲ್ಲುತ್ತಾರೆ, ಐಸ್ ಮುಗಿದರೆ ವಾಪಸ್ ಬರಲೇಬೇಕು, ಡೀಸೆಲ್ ಲೆಕ್ಕ ಹೇಗೆ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ, ಆಗ ಅಪ್ಪ ಮನೆಯಲ್ಲಿ ಬಲೆ ಹೊಲಿಯುತ್ತಾರೆ, ಆ ಎರಡು ತಿಂಗಳ ಮನೆಖರ್ಚಿನ ಲೆಕ್ಕ ತಾನೇ ಬರೆಯುತ್ತೇನೆ. ಕಾಲು ಗಂಟೆಯ ಸಂದರ್ಶನ ನಲವತ್ತು ನಿಮಿಷ ನಡೆಯಿತು.

ಆಮೇಲೆ ತಂದೆತಾಯಿಯನ್ನು ಕರೆದರು. ಮುಂಡಿನ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಒಬ್ಬರು ತಮಿಳಿನಲ್ಲಿ ಮಾತಾಡಿಸಿದರು. ಬೇರೆ ಬೇರೆ ಬಂದರಿನ ಜನರ ಜೊತೆ ವ್ಯವಹಾರ ಇದ್ದ ಅಪ್ಪನಿಗೆ ಸ್ವಲ್ಪ ತಮಿಳು ಬರುತ್ತದೆ. ಮಗಳನ್ನು ದೂರ ಬಿಡಲು ಧೈರ್ಯ ಇದೆಯಾ ಅಂತ ಕೇಳಿದಾಗ ಅವರು, ನಾನೂ ತಿಂಗಳಲ್ಲಿ ಇಪ್ಪತ್ತು ದಿನ ದೂರವೇ ಇರುವವನು, ಅವಳಿಗೆ ದೂರ ಅಂದ್ರೆ ಏನು ಅಂತ ಗೊತ್ತುಂಟು ಅಂದರಂತೆ.

ಆಮೇಲೆ ಆದದ್ದು

ಫೆಬ್ರವರಿಯಲ್ಲಿ ವೇಟಿಂಗ್ ಲಿಸ್ಟ್ ಅಂತ ಬಂತು. ಸ್ಕಾಲರ್‌ಶಿಪ್ಪಿಗೆ ಬರಹದ ಪರೀಕ್ಷೆಯ ಅಂಕ ಸ್ವಲ್ಪ ಕಡಿಮೆ ಆಗಿತ್ತು. ಆ ಎರಡು ಲೆಕ್ಕ ನನ್ನ ಮನಸ್ಸಿನಲ್ಲಿ ಇವತ್ತಿಗೂ ಕೊರೆಯುತ್ತದೆ. ಮಾರ್ಚ್ ಕೊನೆಗೆ ಸೀಟು ಕೊಟ್ಟರು, ಫೀಸಿನಲ್ಲಿ ಅರ್ಧ ರಿಯಾಯಿತಿ. ಉಳಿದ ಅರ್ಧಕ್ಕೆ ಮಾವ ನಿಂತರು. ಬಟ್ಟೆಯಿಂದ ಸೀಟು ಸಿಕ್ಕಿತು ಅಂತ ನಾನು ಹೇಳುವುದಿಲ್ಲ, ಹಾಗೆ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಬಿಳಿ ಇನ್‌ಶರ್ಟ್ ಹಾಕಿ ಹೋಗಿದ್ದರೆ ಆ ನಲವತ್ತು ನಿಮಿಷ ಅವಳ ಎಡಗೈ ಎಲ್ಲಿರುತ್ತಿತ್ತು ಅಂತ ನಾನು ನೋಡಿದ್ದೇನೆ.

ಈ ಪ್ರಕರಣ ಆದ ಮೇಲೆ ನನ್ನ ಕ್ರಮ ಬದಲಾಗಿದೆ. ಡ್ರೆಸ್ ಯಾವುದು ಅಂತ ಕೇಳಿದರೆ ನಾನು ಹೆಸರು ಹೇಳುವುದೇ ಇಲ್ಲ. ಮೊದಲು ಶಾಲೆಗೆ ಫೋನ್, ಅದೂ ಮಗುವಿನ ಕೈಯಲ್ಲೇ. ಹೆಣ್ಣುಮಗು ಆದರೆ ಅಮ್ಮನ ಹತ್ತಿರ ಬೇರೆ ಕೂತು ಮಾತಾಡುತ್ತೇನೆ. ಆಮೇಲೆ ಆ ಭಾನುವಾರದ ಇಡೀ ದಿನದ ಪರೀಕ್ಷೆ, ಪೆನ್ಸಿಲ್ ಗೆರೆ ಸಮೇತ. ಮೂರಕ್ಕಿಂತ ಜಾಸ್ತಿ ಸಲ ಕೈ ಬಟ್ಟೆಗೆ ಹೋದರೆ ಆ ಬಟ್ಟೆ ಬೇಡ. ಬೆಟ್ಟದ ಶಾಲೆ ಆದರೆ ಎರಡು ಸ್ವೆಟರ್, ಒಂದು ದಾರಿಗೆ, ಒಂದು ಅಲ್ಲಿಗೆ. ಎರಡನೆಯದ್ದು ಬೆಳಿಗ್ಗೆ ಸ್ನಾನ ಆಗುವವರೆಗೆ ಚೀಲದಿಂದ ಹೊರಗೆ ಬರಬಾರದು. ಹೊಸದು ತರಲು ಕಷ್ಟ ಇದ್ದವರಿಗೆ ನಮ್ಮ ಮನೆಯ ಬೀರುವಿನಲ್ಲಿ ಈಗ ನಾಲ್ಕು ಸ್ವೆಟರ್ ಇವೆ, ಬೇರೆ ಬೇರೆ ಅಳತೆಯದ್ದು, ಹೋದ ಮಕ್ಕಳು ಕೊಟ್ಟದ್ದು. ಮತ್ತೆ ಘಾಟಿ ಹತ್ತುವ ಮೊದಲು ಪರೋಟ ಬೇಡ, ಎರಡು ಇಡ್ಲಿ ಸಾಕು.

ಮೊನ್ನೆ ರಜೆಯಲ್ಲಿ ಹುಡುಗಿ ಬಂದಿದ್ದಳು. ಉದ್ದ ಆಗಿದ್ದಾಳೆ. ಬ್ಲೇಜರಿನ ಭುಜ ಈಗ ಅವಳಿಗೆ ಸರಿಯಾಗಿದೆ, ತೋಳು ಮಾತ್ರ ಒಂದು ಇಂಚು ಗಿಡ್ಡ. ಅದನ್ನು ಟವೆಲಿನಲ್ಲಿ ಸುತ್ತಿ ತಂದು, "ಟೀಚರ್, ಇದನ್ನೂ ಬೀರುವಿನಲ್ಲಿ ಇಡಿ" ಅಂತ ಕೊಟ್ಟು ಹೋದಳು. ಟವೆಲೂ ಅದೇ, ಅಜ್ಜಿಯದ್ದು.